ಡಕೋಟಾ ವಿಮಾನ: ಅದರ ರಚನೆ ಮತ್ತು ಚರಿತ್ರೆ

ಯುದ್ಧದ ಚರಿತ್ರೆಗಳಲ್ಲಿ ಕತ್ತಿಗೆ ದೊರೆಯುವ ಸ್ಥಾನವು ಬಂಡಿಗೆ ದೊರೆಯುವುದಿಲ್ಲ. ಕೋಟೆಯನ್ನು ಹತ್ತಿದವರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಅವರ ಬುತ್ತಿಯನ್ನೂ ಮದ್ದುಗುಂಡನ್ನೂ ಹೊತ್ತು ತಂದ ಎತ್ತುಗಳ ಸಂಗತಿಯು ಲೆಕ್ಕದ ಕಡತಗಳಲ್ಲಿ ಅಡಗಿಹೋಗುತ್ತದೆ. ವಿಮಾನಗಳ ವಿಷಯದಲ್ಲಿಯೂ ಲೋಕದ ರೂಢಿಯು ಇದೇ ಆಗಿದೆ. ಬಾಂಬುಗಳನ್ನು ಸುರಿಯುವ ವಿಮಾನವನ್ನೂ ಆಕಾಶದಲ್ಲಿ ಶತ್ರುವನ್ನು ಅಟ್ಟಿ ಹೊಡೆಯುವ ವಿಮಾನವನ್ನೂ ಎಲ್ಲರೂ ಬಲ್ಲರು. ಅಕ್ಕಿಯನ್ನೂ ಔಷಧವನ್ನೂ ಗಾಯಾಳುಗಳನ್ನೂ ಹೊರುವ ವಿಮಾನವನ್ನು ಕೇಳುವವರು ವಿರಳ. ಈ ನಿಯಮಕ್ಕೆ ಅಪವಾದವೆಂಬಂತೆ ಹೊರೆಯನ್ನು ಹೊತ್ತೇ ಹೆಸರು ಪಡೆದ ವಿಮಾನವೊಂದುಂಟು. ಅಮೆರಿಕದ ಸೈನ್ಯದವರು ಅದನ್ನು ಸಿ. ೪೭ ಎಂದು ಕರೆದರು. ಬ್ರಿಟಿಷರು ಅದಕ್ಕೆ ಡಕೋಟಾ ಎಂದು ಹೆಸರಿಟ್ಟರು. ಭಾರತದಲ್ಲಿ ನಿಂತುದು ಈ ಎರಡನೆಯ ಹೆಸರೇ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಾಂಗದ ಹೆಸರಾದ ಈ ಶಬ್ದಕ್ಕೆ ಅವರ ನುಡಿಯಲ್ಲಿ ಮಿತ್ರನೆಂದು ಅರ್ಥ.

ಇಂದಿನ ಅಳತೆಯಲ್ಲಿ ಡಕೋಟಾ ಬಹಳ ಚಿಕ್ಕ ವಿಮಾನ. ಭಾರತೀಯ ವಾಯುಸೇನೆಯು ೨೦೧೩ರಿಂದ ಬಳಸುತ್ತಿರುವ ಸಿ. ೧೭ ಎಂಬ ಮಹಾವಿಮಾನವು ಎಪ್ಪತ್ತು ಟನ್ನಿಗೂ ಮಿಕ್ಕ ಭಾರವನ್ನು ಎತ್ತಬಲ್ಲುದು. ಡಕೋಟಾದ ನಿಯಮಿತ ಹೊರೆಯು ಮೂರು ಟನ್ನನ್ನು ಮುಟ್ಟುತ್ತಿರಲಿಲ್ಲ. ಸೈನಿಕರಾದರೆ ಇಪ್ಪತ್ತೆಂಟು ಮಂದಿ. ಆದರೂ ನಗರಗಳು ಉಳಿದುದೂ, ಮುತ್ತಿಗೆಗಳು ಮುರಿದುದೂ, ಒಂದು ಸೀಮೆಗೆ ಸೀಮೆಯೇ ದೇಶದಿಂದ ಕಳಚಿಹೋಗದೆ ನಿಂತುದೂ ಈ ಚಿಕ್ಕ ವಿಮಾನದ ದುಡಿಮೆಯಿಂದ. ಇಷ್ಟು ಬಲವು ಅದಕ್ಕೆ ಎಲ್ಲಿಂದ ಬಂದಿತೆಂದು ಶೋಧಿಸಿದರೆ ದೊರೆಯುವ ಉತ್ತರವು ವಿಚಿತ್ರವಾಗಿದೆ. ಅದರ ಶಿಲ್ಪಿಗಳ ಮನಸ್ಸಿನಲ್ಲಿ ಯುದ್ಧದ ಯೋಚನೆಯೇ ಇರಲಿಲ್ಲ. ಪ್ರಯಾಣಿಕರು ಸಾಯಬಾರದೆಂಬ ಒಂದು ಭಯವೇ ಅವರ ಕೈ ಹಿಡಿದು ನಡೆಸಿತು. ಆ ಭಯದ ಮೂಲವು ಒಂದು ಅಪಘಾತ.

೧೯೩೧ನೆಯ ಮಾರ್ಚಿ ೩೧ರಂದು ಅಮೆರಿಕದ ಕ್ಯಾನ್ಸಾಸ್ ಪ್ರಾಂತದಲ್ಲಿ ಟಿ.ಡಬ್ಲ್ಯು.ಎ. ಎಂಬ ಸಂಸ್ಥೆಯ ವಿಮಾನವೊಂದು ಹೊಲದಲ್ಲಿ ಬಿದ್ದು ಅದರಲ್ಲಿದ್ದ ಎಂಟು ಮಂದಿಯೂ ಮಡಿದರು. ಮೃತರಲ್ಲಿ ಕಾಲ್ಚೆಂಡಾಟದ ಶಿಕ್ಷಕನಾಗಿ ಆ ದೇಶದಲ್ಲೆಲ್ಲ ಮನೆಮಾತಾಗಿದ್ದ ನ್ಯೂಟ್ ರಾಕ್ನಿಯೂ ಇದ್ದುದರಿಂದ ಜನರ ಕೋಲಾಹಲವು ಮಿತಿಮೀರಿತು. ಆ ಫೋಕರ್ ವಿಮಾನದ ರೆಕ್ಕೆಯು ಮರದ್ದಾಗಿದ್ದಿತು. ತೇವವು ಒಳಹೊಕ್ಕು ಅಂಟಿನ ಬೆಸುಗೆಗಳು ಸಡಿಲವಾಗಿ ರೆಕ್ಕೆಯು ಆಕಾಶದಲ್ಲಿಯೇ ಮುರಿದುಬಿದ್ದಿದ್ದಿತು. ಹೊರಗಿನಿಂದ ನೋಡಿದರೆ ಒಳಗಿನ ಕೇಡು ಕಾಣುವಂತಿರಲಿಲ್ಲ. ಮರದ ರೆಕ್ಕೆಗಳನ್ನು ಪದೇಪದೇ ಬಿಚ್ಚಿ ಪರೀಕ್ಷಿಸಬೇಕೆಂದು ಸರಕಾರವು ವಿಧಿಸಿತು. ಆ ವೆಚ್ಚವನ್ನು ಭರಿಸುವುದು ಸಂಸ್ಥೆಗಳಿಗೆ ಕಷ್ಟವಾಯಿತು. ಅಂಥ ವಿಮಾನವನ್ನು ಏರುವ ಧೈರ್ಯವು ಜನರಿಗೂ ಉಳಿಯಲಿಲ್ಲ. ಇನ್ನು ಮುಂದೆ ಲೋಹದ ವಿಮಾನವೇ ಗತಿಯೆಂಬುದು ಸ್ಪಷ್ಟವಾಯಿತು.

ಬೋಯಿಂಗ್ ಕಾರ್ಖಾನೆಯವರು ಅಂಥ ವಿಮಾನವೊಂದನ್ನು ಆಗಲೇ ಕಟ್ಟತೊಡಗಿದ್ದರು. ಆದರೆ ಮೊದಲನೆಯ ಅರುವತ್ತು ವಿಮಾನಗಳು ತಮ್ಮ ಬಳಗಕ್ಕೇ ಸೇರಿದ ಯುನೈಟೆಡ್ ಸಂಸ್ಥೆಗೆ ಮೀಸಲೆಂದೂ ಉಳಿದವರು ಕಾಯಬೇಕೆಂದೂ ಅವರು ಹೇಳಿದರು. ಕಾಯುವುದೆಂದರೆ ವ್ಯಾಪಾರವನ್ನು ಬಿಟ್ಟುಕೊಟ್ಟಂತೆ. ಆದುದರಿಂದ ಟಿ.ಡಬ್ಲ್ಯು.ಎ. ಸಂಸ್ಥೆಯ ಜ್ಯಾಕ್ ಫ್ರೈ ಎಂಬಾತನು ೧೯೩೨ನೆಯ ಆಗಸ್ಟ್ ೨ರಂದು ಕೆಲವು ವಿಮಾನ ಕಾರ್ಖಾನೆಗಳಿಗೆ ಕಾಗದ ಬರೆದು ತನಗೆ ಬೇಕಾದ ವಿಮಾನದ ಲಕ್ಷಣಗಳನ್ನು ತಿಳಿಸಿದನು: ಅದು ಲೋಹದ್ದಾಗಿರಬೇಕು, ಮೂರು ಎಂಜಿನುಗಳಿರಬೇಕು, ಹನ್ನೆರಡು ಪ್ರಯಾಣಿಕರಿಗೆ ಸ್ಥಳವಿರಬೇಕು. ಇವುಗಳೊಡನೆ ಸೇರಿದ್ದ ಒಂದು ನಿಬಂಧನೆಯೇ ಎಲ್ಲಕ್ಕಿಂತ ಕಠಿಣವಾದುದು. ಸಂಸ್ಥೆಯ ವಿಮಾನಗಳು ಬಳಸುವ ಯಾವ ನಿಲ್ದಾಣದಿಂದಾದರೂ, ಅದು ಎಷ್ಟೇ ಎತ್ತರದಲ್ಲಿರಲಿ, ಪೂರ್ಣ ಭಾರದೊಡನೆ ಏರುವಾಗ ಒಂದು ಎಂಜಿನು ನಿಂತುಹೋದರೂ ವಿಮಾನವು ಕ್ಷೇಮವಾಗಿ ಮೇಲೇಳಬೇಕು. ಸಂಸ್ಥೆಗೆ ಸಲಹೆಗಾರನಾಗಿದ್ದ ಪ್ರಸಿದ್ಧ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗನು ಈ ನಿಬಂಧನೆಯನ್ನು ಬಿಡಕೂಡದೆಂದು ಹಟ ಹಿಡಿದನು.

ಕ್ಯಾಲಿಫೋರ್ನಿಯದ ಸಾಂತಾ ಮೋನಿಕಾ ಎಂಬ ಊರಿನಲ್ಲಿ ಡಾನಲ್ಡ್ ಡಗ್ಲಾಸನ ಕಾರ್ಖಾನೆಯಿದ್ದಿತು. ಆರ್ಥರ್ ರೇಮಂಡನೂ ಜೇಮ್ಸ್ ಕಿಂಡಲ್‌ಬರ್ಗರನೂ ಅಲ್ಲಿನ ಮುಖ್ಯ ಶಿಲ್ಪಿಗಳು. ಕಾಗದವನ್ನು ಓದಿ ಲೆಕ್ಕ ಹಾಕಿದ ಮೇಲೆ ಅವರು ಕೊಟ್ಟ ಉತ್ತರವು ಕೇಳಿದವರನ್ನು ಬೆರಗುಗೊಳಿಸಿತು: ಮೂರು ಎಂಜಿನುಗಳು ಬೇಕಾಗಿಲ್ಲ, ಎರಡೇ ಸಾಕು. ಹಾಗೆಂದ ಮೇಲೆ ಒಂದು ನಿಂತರೆ ಉಳಿಯುವುದು ಅರ್ಧ ಶಕ್ತಿ ಮಾತ್ರ. ಆ ಅರ್ಧ ಶಕ್ತಿಯಿಂದಲೇ ಇಡೀ ವಿಮಾನವು ಏರಬೇಕಾದರೆ ರೆಕ್ಕೆಯು ಗಾಳಿಯನ್ನು ಸೀಳುವ ರೀತಿಯಲ್ಲಿ ಎಳ್ಳಷ್ಟು ಶಕ್ತಿಯೂ ವ್ಯರ್ಥವಾಗಕೂಡದು. ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯದ ತಾಂತ್ರಿಕ ವಿದ್ಯಾಲಯದ ಗಾಳಿಸುರಂಗದಲ್ಲಿ ವಿಮಾನದ ಪುಟ್ಟ ಮಾದರಿಯನ್ನಿಟ್ಟು ಪರೀಕ್ಷೆಗಳನ್ನು ನಡೆಸಿದರು. ಮೊದಲು ಬರೆದ ನಕ್ಷೆಯಂತೆ ಕಟ್ಟಿದ್ದರೆ ವಿಮಾನವು ಸ್ಥಿರವಾಗಿ ಹಾರುತ್ತಿರಲಿಲ್ಲವೆಂಬುದು ಅಲ್ಲಿ ತಿಳಿದುಬಂದಿತು. ರೆಕ್ಕೆಯ ಹೊರಭಾಗಗಳನ್ನು ಹಿಂದಕ್ಕೆ ಓರೆಮಾಡಿ ಆ ದೋಷವನ್ನು ತಿದ್ದಿದರು. ಇಂದಿಗೂ ಡಕೋಟಾವನ್ನು ದೂರದಿಂದಲೇ ಗುರುತಿಸಲು ಸಾಧ್ಯವಾಗುವುದು ಹಿಂದಕ್ಕೆ ಬಾಗಿದ ಈ ರೆಕ್ಕೆಯಂಚಿನಿಂದ.

ಡಿ.ಸಿ. ೧ ಎಂಬ ಈ ಮೊದಲ ವಿಮಾನವು ೧೯೩೩ನೆಯ ಜುಲೈ ೧ರಂದು ಹಾರಿತು. ಹಾರಿದ ಕೂಡಲೇ ಒಂದು ಎಡರು ಒದಗಿತು. ವಿಮಾನವು ಮೂಗನ್ನು ಮೇಲೆತ್ತಿದಾಗಲೆಲ್ಲ ಎರಡು ಎಂಜಿನುಗಳೂ ಉಸಿರು ಕಟ್ಟಿದಂತೆ ನಿಲ್ಲುತ್ತಿದ್ದವು. ಮೂಗನ್ನು ತಗ್ಗಿಸಿದರೆ ಮತ್ತೆ ಓಡುತ್ತಿದ್ದವು. ಚಾಲಕನಾದ ಕಾರ್ಲ್ ಕವರನು ಏರುತ್ತ ಇಳಿಯುತ್ತ ಹೇಗೋ ಒಂದಿಷ್ಟು ಎತ್ತರವನ್ನು ಗಳಿಸಿ, ಸುತ್ತಿ ಬಂದು ಕ್ಷೇಮವಾಗಿ ಇಳಿಸಿದನು. ಎಂಜಿನಿಗೆ ಪೆಟ್ರೋಲನ್ನು ಹದವಾಗಿ ಹಾಯಿಸುವ ಕಾರ್ಬುರೇಟರಿನೊಳಗಿನ ತೇಲುಗುಂಡುಗಳನ್ನು ಹಿಂದುಮುಂದಾಗಿ ಜೋಡಿಸಿದ್ದುದೇ ಇದಕ್ಕೆ ಕಾರಣವೆಂದು ಆಮೇಲೆ ಕಂಡುಬಂದಿತು. ಅದೇ ಸಪ್ಟೆಂಬರಿನಲ್ಲಿ ನಿಜವಾದ ಪರೀಕ್ಷೆಯು ನಡೆಯಿತು. ಅರಿಜೋನ ಪ್ರಾಂತದ ವಿನ್ಸ್ಲೊ ನಿಲ್ದಾಣವು ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಎಂಟುನೂರು ಅಡಿಗೂ ಮಿಕ್ಕ ಎತ್ತರದಲ್ಲಿದೆ. ಅಲ್ಲಿ ಭಾರವನ್ನು ತುಂಬಿಕೊಂಡು ಏರುವ ಹೊತ್ತಿಗೆ ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಲಾಯಿತು. ವಿಮಾನವು ಉಳಿದ ಒಂದರ ಬಲದಿಂದಲೇ ಏರಿ, ಸುಮಾರು ಇನ್ನೂರ ನಲವತ್ತು ಮೈಲಿ ದೂರದ ಆಲ್ಬುಕರ್ಕಿಯನ್ನು ಸೇರಿತು. ಕಾಗದದ ಲೆಕ್ಕವು ಆಕಾಶದಲ್ಲಿ ನಿಜವಾಯಿತು.

ಇದನ್ನೇ ತುಸು ಹಿಗ್ಗಿಸಿ ಹದಿನಾಲ್ಕು ಪ್ರಯಾಣಿಕರನ್ನು ಒಯ್ಯುವ ಡಿ.ಸಿ. ೨ ಎಂಬ ವಿಮಾನವನ್ನು ೧೯೩೪ರಲ್ಲಿ ಹೊರತಂದರು. ಅದರ ಬೆನ್ನಲ್ಲಿಯೇ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಅಧ್ಯಕ್ಷನಾದ ಸಿ. ಆರ್. ಸ್ಮಿತ್ ಎಂಬಾತನು ಹೊಸದೊಂದು ಬೇಡಿಕೆಯನ್ನು ಮುಂದಿಟ್ಟನು. ಭೂಖಂಡದ ಒಂದು ಕರೆಯಿಂದ ಇನ್ನೊಂದು ಕರೆಗೆ ಹೋಗುವವರು ರಾತ್ರಿಯಲ್ಲಿ ರೈಲಿನಲ್ಲಿ ಮಲಗುವಂತೆ ವಿಮಾನದಲ್ಲಿಯೂ ಮಲಗಬೇಕು. ಡಿ.ಸಿ. ೨ರ ಒಡಲು ಹಾಸಿಗೆಗಳಿಗೆ ಸಾಲುವಷ್ಟು ಅಗಲವಾಗಿರಲಿಲ್ಲ. ಒಡಲನ್ನು ಇಪ್ಪತ್ತಾರು ಅಂಗುಲ ಅಗಲಮಾಡಿ, ದುಂಡಗೆ ತಿರುಗಿಸಿ, ರೆಕ್ಕೆಯನ್ನು ಬೆಳೆಸಿ, ಹೆಚ್ಚು ಬಲದ ಎಂಜಿನುಗಳನ್ನು ಹೂಡಿದರು. ಹದಿನಾಲ್ಕು ಹಾಸಿಗೆಗಳ ಈ ಶಯನವಿಮಾನವು ೧೯೩೫ನೆಯ ಡಿಸೆಂಬರ್ ೧೭ರಂದು ಮೊದಲು ಹಾರಿತು. ರೈಟ್ ಸಹೋದರರು ಪ್ರಥಮವಾಗಿ ಗಾಳಿಗೇರಿ ಅಂದಿಗೆ ಸರಿಯಾಗಿ ಮೂವತ್ತೆರಡು ವರ್ಷಗಳಾಗಿದ್ದವು. ಹಾಸಿಗೆಗಳಿದ್ದ ಎಡೆಯಲ್ಲಿ ಪೀಠಗಳನ್ನಿಟ್ಟರೆ ಇಪ್ಪತ್ತೊಂದು ಜನರು ಕುಳಿತುಕೊಳ್ಳಬಹುದಾಗಿತ್ತು. ಆ ರೂಪಕ್ಕೆ ಡಿ.ಸಿ. ೩ ಎಂದು ಹೆಸರಾಯಿತು. ಅಂಚೆಯನ್ನು ಸಾಗಿಸುವ ಸರಕಾರದ ಹಣವನ್ನು ನೆಚ್ಚದೆ, ಪ್ರಯಾಣಿಕರ ದರದಿಂದಲೇ ಲಾಭ ಗಳಿಸಬಹುದೆಂದು ಸಂಸ್ಥೆಗಳಿಗೆ ತೋರಿಸಿಕೊಟ್ಟುದು ಈ ವಿಮಾನ.

ಇದರ ರಚನೆಯನ್ನು ಪರಿಶೀಲಿಸಿದರೆ ಮುಂದಿನ ಚರಿತ್ರೆಯೆಲ್ಲವೂ ಅದರಲ್ಲಿ ಬೀಜರೂಪವಾಗಿ ಅಡಗಿರುವುದು ಕಾಣುತ್ತದೆ. ರೆಕ್ಕೆಯ ಹರವು ತೊಂಬತ್ತೈದೂವರೆ ಅಡಿ. ಒಡಲಿನ ಉದ್ದ ಸುಮಾರು ಅರುವತ್ತನಾಲ್ಕು ಅಡಿ. ಸಾಮಾನ್ಯ ರೆಕ್ಕೆಯಲ್ಲಿ ಒಂದೆರಡು ದಪ್ಪನಾದ ತೊಲೆಗಳು ಭಾರವನ್ನೆಲ್ಲ ಹೊರುತ್ತವೆ. ತೊಲೆ ಮುರಿದರೆ ರೆಕ್ಕೆಯೂ ಮುರಿಯಿತು. ಡಗ್ಲಾಸನ ವಿಮಾನಗಳಲ್ಲಿ ಜ್ಯಾಕ್ ನಾರ್ತ್ರಪ್ ಎಂಬ ಶಿಲ್ಪಿಯು ಬೆಳೆಸಿದ ಬೇರೊಂದು ಪದ್ಧತಿಯನ್ನು ಅನುಸರಿಸಿದರು. ರೆಕ್ಕೆಯ ಒಳಗನ್ನು ಜೇನುಹಟ್ಟಿಯಂತೆ ಅನೇಕ ಗೂಡುಗಳಾಗಿ ವಿಂಗಡಿಸಿ, ಮೇಲಣ ಅಲ್ಯೂಮಿನಿಯಂ ತಗಡೂ ಭಾರವನ್ನು ಹೊರುವಂತೆ ಬಿಗಿದರು. ಹೊರೆಯು ಒಂದೆಡೆಯಲ್ಲಿ ನಿಲ್ಲದೆ ನೂರು ಕಡೆ ಹಂಚಿಹೋಗುತ್ತದೆ. ಗುಂಡು ತಗುಲಿ ನಾಲ್ಕು ಗೂಡುಗಳು ಹರಿದರೂ ಉಳಿದವು ರೆಕ್ಕೆಯನ್ನು ಹಿಡಿದು ನಿಲ್ಲಿಸುತ್ತವೆ. ಅಲ್ಲದೆ ನಡುರೆಕ್ಕೆಯು ಒಡಲಿನೊಡನೆ ಒಂದಾಗಿದ್ದು, ಎರಡು ಪಕ್ಕದ ರೆಕ್ಕೆಗಳು ಬೋಲ್ಟುಗಳ ಸಾಲಿನಿಂದ ಅದಕ್ಕೆ ಸೇರಿಕೊಂಡಿರುತ್ತವೆ. ಬೋಲ್ಟುಗಳನ್ನು ಕಳಚಿ ಕೆಟ್ಟ ರೆಕ್ಕೆಯನ್ನು ತೆಗೆದು ಬೇರೊಂದನ್ನು ಜೋಡಿಸಬಹುದು.

ಎಂಜಿನುಗಳನ್ನು ರೆಕ್ಕೆಯ ಮುಂಭಾಗದಲ್ಲಿ ನುಣುಪಾದ ತಗಡಿನ ಹೊದಿಕೆಯೊಳಗೆ ಕೂರಿಸಿ ಗಾಳಿಯ ತಡೆಯನ್ನು ತಗ್ಗಿಸಿದರು. ಪ್ರೊಪೆಲ್ಲರುಗಳ ಅಲಗುಗಳನ್ನು ಏರುವಾಗ ಒಂದು ಕೋನಕ್ಕೂ, ಸಮನಾಗಿ ಹಾರುವಾಗ ಇನ್ನೊಂದು ಕೋನಕ್ಕೂ ತಿರುಗಿಸುವ ಏರ್ಪಾಡನ್ನು ಮಾಡಿದರು. ಚಕ್ರಗಳು ಹಾರುವಾಗ ಮೇಲಕ್ಕೆ ಮಡಚಿಕೊಳ್ಳುತ್ತಿದ್ದರೂ ಅವುಗಳ ಕೆಳಭಾಗವು ಸ್ವಲ್ಪ ಹೊರಗೆ ಉಳಿಯುತ್ತಿದ್ದಿತು. ಚಕ್ರಗಳು ಕೆಳಗಿಳಿಯದೆ ಸಿಕ್ಕಿಕೊಂಡರೂ ವಿಮಾನವು ಅವುಗಳ ಮೇಲೆಯೇ ಉರುಳಿ ನಿಲ್ಲಬಹುದಾಗಿತ್ತು. ಇಳಿಯುವಾಗ ರೆಕ್ಕೆಯ ಅಡಿಯಿಂದ ಬಾಗಿಲಿನಂತೆ ತೆರೆದುಕೊಳ್ಳುವ ಹಲಗೆಗಳು ವೇಗವನ್ನು ತಗ್ಗಿಸುತ್ತಿದ್ದವು. ಈ ಕಾರಣದಿಂದ ಅಷ್ಟು ದೊಡ್ಡ ವಿಮಾನವು ಮಂದಗತಿಯಲ್ಲಿ, ಕಲ್ಲುಗಾರೆಯಿಲ್ಲದ ಬರಿಯ ಬಯಲಿನಲ್ಲಿಯೂ ಇಳಿಯಲು ಸಮರ್ಥವಾಯಿತು. ಸಾರಾಂಶವೇನೆಂದರೆ, ದಿನನಿತ್ಯದ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಲವನ್ನು ಅಪಾಯದ ಒಂದು ಗಳಿಗೆಗಾಗಿ ಪ್ರತಿಯೊಂದು ಅಂಗದಲ್ಲಿಯೂ ಕೂಡಿಡಲಾಗಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಗಾದೆಯುಂಟು. ಡಿ.ಸಿ. ೩ರ ಹಾಸಿಗೆಯು ಅದರ ಶಿಲ್ಪಿಗಳು ಹೇಳಿದುದಕ್ಕಿಂತಲೂ ಉದ್ದವಾಗಿದ್ದಿತು. ಅದು ಎಷ್ಟು ಉದ್ದವೆಂಬುದನ್ನು ಅಳೆದುದು ಯುದ್ಧ.

ಎರಡನೆಯ ಮಹಾಯುದ್ಧವು ಸಮೀಪಿಸಿದಾಗ ಅಮೆರಿಕದ ಸೈನ್ಯವು ಇದನ್ನು ತನ್ನ ಸಾಗಣೆಗಾಗಿ ಆರಿಸಿಕೊಂಡಿತು. ೧೯೪೧ರ ಡಿಸೆಂಬರಿನಲ್ಲಿ ಮೊದಲನೆಯ ಸಿ. ೪೭ ಹಾರಿತು. ಮಾರ್ಪಾಡುಗಳು ಸ್ವಲ್ಪವೇ. ಮೆತ್ತನೆಯ ಪೀಠಗಳು ಹೋಗಿ ಗೋಡೆಯ ಉದ್ದಕ್ಕೂ ಮಡಚುವ ಲೋಹದ ಹಲಗೆಗಳು ಬಂದವು, ನೆಲವನ್ನು ಬಲಪಡಿಸಿದರು, ಎಡಗಡೆಯ ಹಿಂಭಾಗದಲ್ಲಿ ಜೀಪು ಗಾಡಿಯೇ ನುಗ್ಗುವಷ್ಟು ಅಗಲವಾದ ಜೋಡಿಬಾಗಿಲನ್ನು ತೆರೆದರು. ಹದಿನಾಲ್ಕು ಸಿಲಿಂಡರುಗಳ ಎರಡು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನುಗಳು, ಒಂದೊಂದಕ್ಕೆ ೧,೨೦೦ ಅಶ್ವಶಕ್ತಿ; ಸಾಧಾರಣ ವೇಗವು ಗಂಟೆಗೆ ನೂರ ಅರುವತ್ತು ಮೈಲಿಯ ಆಸುಪಾಸು; ಹೊರೆಯು ಸುಮಾರು ೬,೦೦೦ ಪೌಂಡು. ಗಾಯಾಳುಗಳನ್ನು ಒಯ್ಯುವಾಗ ಹದಿನೆಂಟು ಡೋಲಿಗಳನ್ನು ಮೇಲುಮೇಲಾಗಿ ತೂಗುಹಾಕುತ್ತಿದ್ದರು.

ಇದರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಹಿಂಬದಿಯ ಚಿಕ್ಕ ಚಕ್ರದ ಮೇಲೆ ಬಾಲವನ್ನೂರಿ ನಿಲ್ಲುವುದರಿಂದ ನೆಲದ ಮೇಲಿರುವಾಗ ಒಳಗಿನ ಹಾಸು ಇಳಿಜಾರಾಗಿರುತ್ತಿದ್ದಿತು. ಭಾರವಾದ ಪೆಟ್ಟಿಗೆಗಳನ್ನು ಬೆಟ್ಟಕ್ಕೆ ಹತ್ತಿಸುವಂತೆ ಮೇಲಕ್ಕೆ ನೂಕಬೇಕಾಗುತ್ತಿದ್ದಿತು. ಬಾಗಿಲು ಪಕ್ಕದಲ್ಲಿದ್ದುದರಿಂದ ಉದ್ದವಾದ ವಸ್ತುಗಳನ್ನು ತಿರುಗಿಸಿ ಒಳಹೊಗಿಸುವುದು ಕಷ್ಟ. ಒಳಗೆ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡಿಲ್ಲದ ಕಾರಣ ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆ. ಆತ್ಮರಕ್ಷಣೆಗೆ ಒಂದು ಬಂದೂಕವೂ ಇರಲಿಲ್ಲ. ಪೆಟ್ರೋಲಿನ ತೊಟ್ಟಿಗಳಿಗೆ ಗುಂಡಿನಿಂದ ರಕ್ಷಣೆಯೂ ಇರಲಿಲ್ಲ. ಶತ್ರುವಿನ ವಿಮಾನವೊಂದು ಎದುರಾದರೆ ಮೋಡದೊಳಗೆ ಅಡಗುವುದೊಂದೇ ಉಪಾಯ.

ಬೋಲ್ಟುಗಳಿಂದ ಜೋಡಿಸಿದ ರೆಕ್ಕೆಯ ಗುಣವು ೧೯೪೧ರಲ್ಲಿ ಚೀನದೇಶದಲ್ಲಿ ಪ್ರಕಟವಾಯಿತು. ಅಲ್ಲಿನ ರಾಷ್ಟ್ರೀಯ ವಿಮಾನಸಂಸ್ಥೆಯ ಡಿ.ಸಿ. ೩ ಒಂದು ನೆಲದ ಮೇಲೆ ನಿಂತಿದ್ದಾಗ ಜಪಾನೀಯರ ಬಾಂಬಿಗೆ ಸಿಕ್ಕಿ ಅದರ ಬಲರೆಕ್ಕೆಯು ನಾಶವಾಯಿತು. ಬದಲಿಗೆ ಡಿ.ಸಿ. ೩ರ ರೆಕ್ಕೆಯು ಎಲ್ಲಿಯೂ ದೊರೆಯಲಿಲ್ಲ, ಹಾಂಗ್‌ಕಾಂಗಿನಲ್ಲಿ ಡಿ.ಸಿ. ೨ರ ರೆಕ್ಕೆಯೊಂದಿದ್ದಿತು. ಅದನ್ನು ಮತ್ತೊಂದು ವಿಮಾನದ ಹೊಟ್ಟೆಯಡಿಯಲ್ಲಿ ಕಟ್ಟಿ ತಂದು ಜೋಡಿಸಿದರು. ಎಡರೆಕ್ಕೆಗಿಂತ ಬಲರೆಕ್ಕೆಯು ಐದು ಅಡಿ ಗಿಡ್ಡ. ಹಾಗಿದ್ದರೂ ವಿಮಾನವು ಹಾರಿ ಹಾಂಗ್‌ಕಾಂಗನ್ನು ಸೇರಿತು. ಜನರು ಅದನ್ನು ಡಿ.ಸಿ. ಎರಡೂವರೆ ಎಂದು ಕರೆದರು.

೧೯೪೨ರಲ್ಲಿ ಬರ್ಮಾದೇಶವು ಜಪಾನೀಯರ ವಶವಾದಾಗ ಈ ಜಾತಿಯ ವಿಮಾನಗಳು ಸಾವಿರಾರು ನಿರಾಶ್ರಿತರನ್ನೂ ಗಾಯಾಳುಗಳನ್ನೂ ಭಾರತಕ್ಕೆ ತಂದವು. ಇಪ್ಪತ್ತೊಂದು ಜನರಿಗಾಗಿ ಕಟ್ಟಿದ ಒಡಲಿನಲ್ಲಿ ಎಪ್ಪತ್ತಕ್ಕೂ ಮಿಕ್ಕ ಜನರು ನಿಂತು ಬಂದುದುಂಟು. ಬರ್ಮಾದ ದಾರಿಯು ಮುಚ್ಚಿಹೋದುದರಿಂದ ಚೀನಕ್ಕೆ ಮದ್ದುಗುಂಡುಗಳನ್ನು ಅಸ್ಸಾಮಿನಿಂದ ಹಿಮಾಲಯದ ಪೂರ್ವಶ್ರೇಣಿಗಳನ್ನು ದಾಟಿ ಕುನ್ಮಿಂಗಿಗೆ ವಿಮಾನಗಳಲ್ಲಿಯೇ ಸಾಗಿಸಬೇಕಾಯಿತು. ಆ ಮಾರ್ಗದ ಎತ್ತರವು ಡಕೋಟಾದ ಶಕ್ತಿಯ ಮೇರೆಯನ್ನು ಮುಟ್ಟುತ್ತಿದ್ದಿತು. ಹೆಚ್ಚು ಬಲದ ಕಮ್ಯಾಂಡೊ ಮೊದಲಾದ ವಿಮಾನಗಳು ಬರುವ ವರೆಗೂ ಮೊದಲಿನ ಭಾರವು ಇವುಗಳ ಮೇಲೆಯೇ ಬಿದ್ದಿತು. ಮಂಜಿನಲ್ಲಿಯೂ ಬಿರುಗಾಳಿಯಲ್ಲಿಯೂ ದಾರಿ ತಪ್ಪಿ ಆ ಕಣಿವೆಗಳಲ್ಲಿ ಕಣ್ಮರೆಯಾದ ವಿಮಾನಗಳು ಅನೇಕ.

೧೯೪೪ರ ಮಾರ್ಚಿಯಲ್ಲಿ ಜಪಾನೀಯರು ಇಂಫಾಲವನ್ನು ಮುತ್ತತೊಡಗಿದಾಗ ಅರಾಕಾನಿನಲ್ಲಿ ಹೋರಾಡುತ್ತಿದ್ದ ಐದನೆಯ ಭಾರತೀಯ ಡಿವಿಷನ್ನನ್ನು, ಅದರ ಫಿರಂಗಿ ಹೇಸರಗತ್ತೆಗಳ ಸಮೇತವಾಗಿ, ಡಕೋಟಾ ಮತ್ತು ಕಮ್ಯಾಂಡೊ ವಿಮಾನಗಳಲ್ಲಿ ಎತ್ತಿ ತಂದು ಹೊಸ ರಣರಂಗದಲ್ಲಿ ಇಳಿಸಿದರು. ದಾರಿಗಳು ಕಡಿದುಹೋದ ಮೇಲೆ ಜೂನ್ ೨೨ರಂದು ಮುತ್ತಿಗೆಯು ಮುರಿಯುವ ವರೆಗೆ ಇಂಫಾಲದ ಸೈನ್ಯವು ಉಂಡುದು ಆಕಾಶದಿಂದ ಬಂದ ಅನ್ನವನ್ನು. ಸಾಮಾನುಗಳನ್ನು ಕೆಳಗೆ ಬಿಡಲು ಪ್ಯಾರಾಷೂಟುಗಳು ಸಾಲದೆ ಹೋದಾಗ ಜನರಲ್ ಸ್ಲಿಮ್ಮನ ಸೈನ್ಯವು ಕಲ್ಕತ್ತೆಯಲ್ಲಿ ಸೆಣಬಿನ ಬಟ್ಟೆಯಿಂದಲೇ ಅವುಗಳನ್ನು ಮಾಡಿಸಿತು. ಅದೇ ಜೂನ್ ತಿಂಗಳಿನಲ್ಲಿ ಭೂಮಿಯ ಇನ್ನೊಂದು ಕಡೆಯಲ್ಲಿ, ಫ್ರಾನ್ಸಿನ ನಾರ್ಮಂಡಿಯ ಮೇಲೆ, ಎಂಟುನೂರಕ್ಕೂ ಹೆಚ್ಚು ಸಿ. ೪೭ ವಿಮಾನಗಳು ಒಂದೇ ಇರುಳಿನಲ್ಲಿ ಸುಮಾರು ಹದಿಮೂರು ಸಾವಿರ ಸೈನಿಕರನ್ನು ಇಳಿಯಬಿಟ್ಟವು. ಅಮೆರಿಕದಲ್ಲಿ ಈ ವಂಶದ ವಿಮಾನಗಳು ಹತ್ತು ಸಾವಿರಕ್ಕೂ ಮಿಕ್ಕು ತಯಾರಾದವು. ರಷ್ಯದವರು ಅನುಮತಿ ಪಡೆದು ಲಿ. ೨ ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ಕಟ್ಟಿದರು. ಯುದ್ಧಕ್ಕೆ ಮೊದಲೇ ಅನುಮತಿ ಪಡೆದಿದ್ದ ಜಪಾನೀಯರೂ ಸುಮಾರು ಐನೂರನ್ನು ಕಟ್ಟಿದುದರಿಂದ, ಶತ್ರುಮಿತ್ರರಿಬ್ಬರ ಹೊರೆಯನ್ನೂ ಒಂದೇ ವಿಮಾನವು ಹೊತ್ತಂತಾಯಿತು.

ಇಷ್ಟೊಂದು ವಿಮಾನಗಳು ಭಾರತದ ಗಡಿಯಲ್ಲಿ ದುಡಿಯುತ್ತಿರುವಾಗ ಅವುಗಳನ್ನು ದುರಸ್ತಿ ಮಾಡುವ ಕೆಲಸವು ಬೆಂಗಳೂರಿಗೆ ಬಂದಿತು. ವಾಲಚಂದ ಹೀರಾಚಂದರು ಅಮೆರಿಕದ ವಿಲಿಯಂ ಪಾಲಿಯ ನೆರವಿನಿಂದಲೂ ಮೈಸೂರು ಸರಕಾರದ ಭೂಮಿ ಮತ್ತು ಬಂಡವಾಳದ ಸಹಾಯದಿಂದಲೂ ೧೯೪೦ನೆಯ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಲ್ಲಿ ಸ್ಥಾಪಿಸಿದ್ದರು. ೧೯೪೨ರಲ್ಲಿ ಅದರ ಆಡಳಿತವನ್ನು ಭಾರತ ಸರಕಾರವು ವಹಿಸಿಕೊಂಡಿತು. ೧೯೪೩ರಲ್ಲಿ ಅದು ಅಮೆರಿಕದ ವಾಯುಸೈನ್ಯದ ದುರಸ್ತಿಯ ಕೇಂದ್ರವಾಯಿತು. ಡಕೋಟಾ, ಕೆಟಲೀನ, ಲಿಬರೇಟರ್ ಮೊದಲಾದ ವಿಮಾನಗಳನ್ನೂ ಅವುಗಳ ಎಂಜಿನುಗಳನ್ನೂ ಬಿಚ್ಚಿ ಹೊಸದಾಗಿ ಜೋಡಿಸುವ ವಿದ್ಯೆಯನ್ನು ಇಲ್ಲಿನ ಕೆಲಸಗಾರರು ಕೈವಶಮಾಡಿಕೊಂಡರು. ಯುದ್ಧವು ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಕೋಟಾಗಳನ್ನು ಅದೇ ಕಾರ್ಖಾನೆಯು ಸಜ್ಜುಗೊಳಿಸಿ, ಪೀಠಗಳನ್ನು ಕೂರಿಸಿ, ಭಾರತದ ವಿಮಾನ ಸಂಸ್ಥೆಗಳಿಗೆ ಒದಗಿಸಿತು. ಪ್ರಯಾಣಿಕರ ವಿಮಾನವಾಗಿ ಹುಟ್ಟಿ ಯುದ್ಧಕ್ಕೆ ಹೋದದ್ದು ಹೀಗೆ ಮರಳಿ ಪ್ರಯಾಣಿಕರ ವಿಮಾನವಾಯಿತು. ಆದರೆ ಅದಕ್ಕೆ ವಿಶ್ರಾಂತಿಯು ದೊರೆತುದು ಕೆಲವೇ ತಿಂಗಳು.

೧೯೪೭ನೆಯ ಅಕ್ಟೋಬರ್ ೨೨ರಂದು ಪಾಕಿಸ್ತಾನದ ಕಡೆಯಿಂದ ದಾಳಿಕಾರರು ಕಾಶ್ಮೀರದೊಳಗೆ ನುಗ್ಗಿ ಬಾರಾಮುಲ್ಲದ ಕಡೆಗೆ ಸಾಗಿದರು. ೨೬ರಂದು ಮಹಾರಾಜಾ ಹರಿಸಿಂಗರು ಭಾರತಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದರು. ಶ್ರೀನಗರವು ದಾಳಿಕಾರರಿಗೆ ಒಂದೆರಡು ದಿನಗಳ ದಾರಿಯಾಗಿದ್ದಿತು. ಭಾರತದ ಸೈನ್ಯಕ್ಕಾದರೋ ಬನಿಹಾಲ್ ಘಟ್ಟವನ್ನು ಹತ್ತಿಳಿದು ಹೋಗುವ ಕಿರಿದಾದ ರಸ್ತೆಯೊಂದೇ ಮಾರ್ಗ. ಅದರಲ್ಲಿ ಸೈನ್ಯವು ಸಕಾಲಕ್ಕೆ ತಲಪುವುದು ಅಸಾಧ್ಯ. ಶ್ರೀನಗರದ ಇಳಿದಾಣವು ಕಲ್ಲುಗಾರೆಯಿಲ್ಲದ ಬಯಲು. ರಾತ್ರಿಯ ದೀಪಗಳಿಲ್ಲ, ಪೆಟ್ರೋಲಿನ ಸಂಗ್ರಹವಿಲ್ಲ. ಅಲ್ಲಿ ಇಳಿದು, ಹಿಂದಿರುಗುವ ಪೆಟ್ರೋಲನ್ನೂ ತಾನೇ ಹೊತ್ತು, ಮತ್ತೆ ಮೇಲೇರಬಲ್ಲ ಸಾಗಣೆಯ ವಿಮಾನವು ದೇಶದಲ್ಲಿದ್ದುದು ಡಕೋಟಾ ಒಂದೇ.

ವಾಯುಸೇನೆಯ ಹನ್ನೆರಡನೆಯ ದಳದಲ್ಲಿದ್ದ ಡಕೋಟಾಗಳು ಈ ಕ್ಲುಪ್ತ ಅವಧಿಯ ಕೆಲಸಕ್ಕೆ ಸಾಲುತ್ತಿರಲಿಲ್ಲ. ಆದುದರಿಂದ ಖಾಸಗಿ ಸಂಸ್ಥೆಗಳ ಪ್ರಯಾಣಿಕ ವಿಮಾನಗಳನ್ನು ಕರೆಸಿ, ಪೀಠಗಳನ್ನು ಕಿತ್ತು, ಸಿಪಾಯಿಗಳನ್ನು ಹತ್ತಿಸಿದರು. ೨೭ರ ಬೆಳಗಿನಲ್ಲಿ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯರ ನಾಯಕತ್ವದಲ್ಲಿ ಸಿಖ್ ರೆಜಿಮೆಂಟಿನ ಮೊದಲನೆಯ ಪಡೆಯು ದೆಹಲಿಯಿಂದ ಹೊರಟಿತು. ಒಂದೊಂದು ವಿಮಾನದಲ್ಲಿ ಹದಿನೈದು ಇಪ್ಪತ್ತು ಮಂದಿ ಮಾತ್ರ. ಇಳಿದಾಣವು ಶತ್ರುವಿನ ಕೈಸೇರಿದೆಯೋ ಇಲ್ಲವೋ ದೆಹಲಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊದಲು ಮೇಲೆ ಸುತ್ತಿ ನೋಡಬೇಕು, ಸಂದೇಹವಿದ್ದರೆ ಜಮ್ಮುವಿಗೆ ತಿರುಗಬೇಕು ಎಂದು ಅಪ್ಪಣೆಯಾಗಿತ್ತು. ಇಳಿದಾಣವು ಬರಿದಾಗಿದ್ದಿತು, ವಿಮಾನಗಳು ಇಳಿದವು. ಶತ್ರುವನ್ನು ನಗರದಿಂದ ದೂರದಲ್ಲಿಯೇ ತಡೆಯಲು ಬಾರಾಮುಲ್ಲದ ಕಡೆಗೆ ನಡೆದ ರಂಜಿತ್ ರಾಯರು ಅಂದೇ ವೀರಸ್ವರ್ಗವನ್ನೈದಿದರು.

ಮುಂದಿನ ದಿನಗಳಲ್ಲಿ ಒಂದರ ಹಿಂದೊಂದು ಡಕೋಟಾ ಇಳಿಯುತ್ತಲೂ ಗಾಯಾಳುಗಳನ್ನೂ ನಿರಾಶ್ರಿತರನ್ನೂ ಹತ್ತಿಸಿಕೊಂಡು ಏರುತ್ತಲೂ ಇದ್ದಿತು. ನವೆಂಬರ್ ೩ರಂದು ಇಳಿದಾಣಕ್ಕೆ ಸಮೀಪದ ಬಡಗಾಮಿನಲ್ಲಿ ನಡೆದ ಕಾಳಗದಲ್ಲಿ ಮೇಜರ್ ಸೋಮನಾಥ ಶರ್ಮರೂ ಅವರ ಕುಮಾವೂ ಸೈನಿಕರೂ ತಮಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದ ದಾಳಿಕಾರರನ್ನು ತಡೆದು ನಿಂತರು. ಶರ್ಮರು ಅಲ್ಲಿಯೇ ಮಡಿದರು. ಅವರಿಗೆ ಸಂದುದು ಪ್ರಪ್ರಥಮ ಪರಮವೀರಚಕ್ರ. ಅಂದು ಇಳಿದಾಣವು ಹೋಗಿದ್ದರೆ ಶ್ರೀನಗರವೂ ಹೋಗುತ್ತಿದ್ದಿತು. ನವೆಂಬರ್ ೭ರ ಶಾಲಾಟೆಂಗ್ ಯುದ್ಧದಲ್ಲಿ ದಾಳಿಕಾರರು ಸೋತು ಹಿಂದಕ್ಕೋಡಿದರು. ಹದಿನೈದು ಇಪ್ಪತ್ತರಂತೆ ಬಂದಿಳಿದ ಮಂದಿಯು ಅಷ್ಟರಲ್ಲಿ ಸೈನ್ಯವಾಗಿ ಬೆಳೆದಿದ್ದಿತು.

ಪೂಂಛ್ ಪಟ್ಟಣದ ಕಥೆಯು ಇನ್ನೂ ದೀರ್ಘವಾದುದು. ಸುತ್ತಣ ಬೆಟ್ಟಗಳೆಲ್ಲ ಶತ್ರುವಿನ ವಶವಾಗಿ, ಸೈನಿಕರೂ ಸಾವಿರಾರು ನಿರಾಶ್ರಿತರೂ ಅದರಲ್ಲಿ ಸಿಕ್ಕಿಬಿದ್ದರು. ಅವರೇ ಕೈಯಾರೆ ನೆಲವನ್ನು ಸಮಮಾಡಿ ೧೯೪೭ರ ಡಿಸೆಂಬರಿನಲ್ಲಿ ಒಂದು ಚಿಕ್ಕ ಇಳಿದಾಣವನ್ನು ಸಿದ್ಧಪಡಿಸಿದರು. ಏರ್ ಕಮೊಡೋರ್ ಮೇಹರ್ ಸಿಂಗರು ಅಲ್ಲಿ ಡಕೋಟಾವನ್ನು ಇಳಿಸಿ ಮಾರ್ಗವನ್ನು ತೋರಿಸಿಕೊಟ್ಟರು. ಹಗಲಿನಲ್ಲಿ ಶತ್ರುವಿನ ತೋಪುಗಳು ಇಳಿದಾಣದ ಮೇಲೆ ಗುರಿಯಿಡತೊಡಗಿದಾಗ ವಿಮಾನಗಳು ರಾತ್ರಿಯಲ್ಲಿ ಇಳಿದವು. ೧೯೪೮ರ ಮಾರ್ಚಿಯಲ್ಲಿ ದೊಡ್ಡ ಫಿರಂಗಿಗಳನ್ನೇ ಹೊತ್ತು ತಂದವು. ಅದೇ ನವೆಂಬರಿನಲ್ಲಿ ಸೈನ್ಯವು ನೆಲದ ದಾರಿಯಿಂದ ಬಂದು ಸೇರುವ ವರೆಗೆ, ಸುಮಾರು ಒಂದು ವರ್ಷ ಕಾಲ, ಪೂಂಛ್ ಉಳಿದುದು ಈ ಆಕಾಶದ ದಾರಿಯಿಂದ.

ಇವೆಲ್ಲಕ್ಕಿಂತಲೂ ಸಾಹಸದ ಕಾರ್ಯವು ಲೇಹ್ ಪಟ್ಟಣದ್ದು. ೧೯೪೮ರ ಮೇ ತಿಂಗಳಲ್ಲಿ ಕಾರ್ಗಿಲವು ಬಿದ್ದು, ಲಡಾಖಿಗೆ ಹೋಗುವ ದಾರಿಯು ಕಡಿದುಹೋಯಿತು. ಅದಕ್ಕೆ ಮೊದಲೇ ಚಳಿಗಾಲದ ಹಿಮದಲ್ಲಿ ಜೋಜಿ ಲಾ ಕಣಿವೆಯನ್ನು ಕಾಲ್ನಡಿಗೆಯಲ್ಲಿ ದಾಟಿ ಪೃಥ್ವೀಚಂದರೆಂಬ ಅಧಿಕಾರಿಯ ಚಿಕ್ಕ ತಂಡವು ಲೇಹನ್ನು ಸೇರಿದ್ದಿತು. ಅವರೊಡನೆ ಹೋದ ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಅವರು ಸ್ಥಳದ ಜನರನ್ನು ಕೂಡಿಸಿಕೊಂಡು ಸಿಂಧೂನದಿಯ ಬಯಲಿನಲ್ಲಿ ಇಳಿದಾಣವೊಂದನ್ನು ನಿರ್ಮಿಸಿದ್ದರು. ಅದರ ಎತ್ತರವು ಹತ್ತೂವರೆ ಸಾವಿರ ಅಡಿಗೂ ಮಿಕ್ಕದ್ದು. ಮೇ ೨೪ರಂದು ಮೇಹರ್ ಸಿಂಗರು ಡಕೋಟಾವನ್ನು ನಡೆಸಿಕೊಂಡು ಅಲ್ಲಿಗೆ ಹೊರಟರು. ಜೊತೆಯಲ್ಲಿ ಕುಳಿತವರು ಆ ರಣರಂಗದ ಸೇನಾಪತಿಗಳಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರು. ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಇವರೇ ಮುಂದೆ ೧೯೫೭ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ವಿನ್ಸ್ಲೊ ನಿಲ್ದಾಣದ ಪರೀಕ್ಷೆಯನ್ನು ಇಲ್ಲಿ ಸ್ಮರಿಸಬೇಕು. ಒಂದು ಎಂಜಿನು ನಿಂತರೂ ವಿಮಾನವು ಬೀಳಕೂಡದೆಂಬುದು ಶಿಲ್ಪಿಗಳ ಸಂಕಲ್ಪವಾಗಿದ್ದಿತು. ಆದರೆ ಜೋಜಿ ಲಾ ಕಣಿವೆಯೇ ಹನ್ನೊಂದು ಸಾವಿರ ಅಡಿಗೂ ಎತ್ತರ. ಸುತ್ತಣ ಶಿಖರಗಳು ಅದಕ್ಕಿಂತಲೂ ಬಹಳ ಎತ್ತರ. ಅಂಥ ತೆಳುವಾದ ಗಾಳಿಯಲ್ಲಿ ಹೊರೆ ಹೊತ್ತ ಡಕೋಟಾವನ್ನು ಒಂದೇ ಎಂಜಿನು ಎತ್ತಿಹಿಡಿಯಲಾರದು. ಹಿಮವನ್ನು ಕರಗಿಸುವ ಸಾಧನವಿಲ್ಲ, ಒಳಗೆ ಗಾಳಿಯ ಒತ್ತಡವಿಲ್ಲ, ದಾರಿಯ ನಿಖರವಾದ ನಕ್ಷೆಯೂ ಇಲ್ಲ. ಶಿಲ್ಪಿಗಳು ಕೂಡಿಟ್ಟ ಮೀಸಲು ಬಲವೆಲ್ಲವೂ ಇಲ್ಲಿ ಎತ್ತರಕ್ಕೇರುವುದರಲ್ಲಿಯೇ ತೀರಿಹೋಗಿ, ಆಮೇಲೆ ಉಳಿಯುವುದು ಚಾಲಕನ ಧೈರ್ಯ ಮಾತ್ರ. ವಿಮಾನವು ಲೇಹಿನಲ್ಲಿ ಇಳಿಯಿತು. ಜೂನ್ ತಿಂಗಳಿನಿಂದ ಗೂರ್ಖಾ ಸೈನಿಕರನ್ನು ಹೊತ್ತ ಡಕೋಟಾಗಳು ಅದೇ ಜಾಡಿನಲ್ಲಿ ಹಾರಿ ಲೇಹನ್ನು ಉಳಿಸಿದವು. ಮೇಹರ್ ಸಿಂಗರಿಗೆ ಮಹಾವೀರಚಕ್ರವು ಸಂದಿತು.

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೮ರಲ್ಲಿ ಬರ್ಲಿನ್ ನಗರದ ದಾರಿಗಳು ಮುಚ್ಚಿದಾಗ ಮೊದಲ ದಿನಗಳ ಆಹಾರವನ್ನು ಹೊತ್ತುದು ಈ ವಿಮಾನಗಳೇ. ಹೆಚ್ಚು ಭಾರ ಹೊರುವ ನಾಲ್ಕು ಎಂಜಿನುಗಳ ವಿಮಾನಗಳು ಬಂದ ಮೇಲೆ ಇವು ಪಕ್ಕಕ್ಕೆ ಸರಿದವು. ವಿಯಟ್ನಾಮಿನಲ್ಲಿ ಅಮೆರಿಕದವರು ಇದರ ಪಕ್ಕದ ಕಿಟಕಿಗಳಿಗೆ ಬಂದೂಕಗಳನ್ನು ಹೂಡಿದರು. ೧೯೭೧ರ ಡಿಸೆಂಬರ್ ೧೧ರಂದು ಬಾಂಗ್ಲಾದೇಶದ ಟಾಂಗೈಲಿನಲ್ಲಿ ಭಾರತದ ಸೈನಿಕರನ್ನು ಪ್ಯಾರಾಷೂಟುಗಳಲ್ಲಿ ಇಳಿಸಿದ ವಿಮಾನಗಳ ಸಾಲಿನಲ್ಲಿಯೂ ಡಕೋಟಾ ಇದ್ದಿತು. ೧೯೮೦ರ ದಶಕದಲ್ಲಿ ಭಾರತದ ವಾಯುಸೇನೆಯು ಅದಕ್ಕೆ ನಿವೃತ್ತಿ ಕೊಟ್ಟಿತು. ೨೦೧೮ರಲ್ಲಿ ಹಳೆಯ ಡಕೋಟಾವೊಂದನ್ನು ದುರಸ್ತಿ ಮಾಡಿಸಿ, ಪರಶುರಾಮನೆಂದು ಹೆಸರಿಟ್ಟು, ಸೇನೆಯ ಪುರಾತನ ವಿಮಾನಗಳ ದಳಕ್ಕೆ ಸೇರಿಸಿಕೊಂಡರು. ಶ್ರೀನಗರಕ್ಕೆ ಮೊದಲ ಸಿಪಾಯಿಗಳನ್ನು ಒಯ್ದ ವಿಮಾನದ ನೆನಪಿಗಾಗಿ ಅದರ ಬಾಲದ ಮೇಲೆ ವಿ.ಪಿ. ೯೦೫ ಎಂಬ ಅಂಕವನ್ನು ಬರೆದಿದ್ದಾರೆ. ಈ ವಿಮಾನದ ಬದಲಿಗೆಂದು ಹೊಸ ವಿಮಾನಗಳನ್ನು ಅನೇಕರು ಕಟ್ಟಿದರು. ಹಿಂದೆ ಬಾಗಿಲು, ಸಮನಾದ ಹಾಸು, ಬಿಗಿಯಾದ ಒಡಲು ಎಂಬ ಅನುಕೂಲಗಳೆಲ್ಲ ಅವುಗಳಲ್ಲಿ ಬಂದವು. ಅಗ್ಗವೂ ಗಟ್ಟಿಯೂ ಆದ ಹಳೆಯದನ್ನು ಸುಲಭವಾಗಿ ಬಿಡಲು ಮಾತ್ರ ಬಹುಕಾಲದ ವರೆಗೆ ಯಾರೂ ಒಪ್ಪಲಿಲ್ಲ.

ಕನ್ನಡದ ಆಡುಮಾತಿನಲ್ಲಿ ಗಡಗಡನೆ ಸದ್ದು ಮಾಡುವ ಹಳೆಯ ಗಾಡಿಯನ್ನು ಡಕೋಟಾ ಎಂದು ಹಾಸ್ಯಮಾಡುವುದುಂಟು. ಆ ಹಾಸ್ಯದಲ್ಲಿಯೂ ಒಂದು ಪ್ರಶಂಸೆಯು ಅಡಗಿದೆ. ಹಳೆಯದಾಗಿಯೂ ಓಡುತ್ತಲೇ ಇರುವ ಗಾಡಿಗೆ ಮಾತ್ರವೇ ಆ ಹೆಸರು ಸಲ್ಲುತ್ತದೆ. ಕ್ಯಾನ್ಸಾಸಿನ ಹೊಲದಲ್ಲಿ ಮಡಿದ ಎಂಟು ಮಂದಿಯ ನಿಮಿತ್ತವಾಗಿ ಎಚ್ಚರಗೊಂಡ ಕೆಲವರು, ಅಪರಿಚಿತರಾದ ಪ್ರಯಾಣಿಕರ ಪ್ರಾಣವನ್ನು ಕಾಯಲೆಂದು, ಬೇಕಾದುದಕ್ಕಿಂತ ಒಂದು ಪಾಲು ಹೆಚ್ಚಾದ ಬಲವನ್ನು ಲೋಹದಲ್ಲಿ ಹುದುಗಿಸಿಟ್ಟರು. ಹದಿನಾರು ವರ್ಷಗಳ ತರುವಾಯ, ಅವರು ಹೆಸರನ್ನೂ ಕೇಳಿರದ ಕಣಿವೆಗಳಲ್ಲಿ, ಅವರು ಕನಸಿನಲ್ಲಿಯೂ ನೆನೆಯದ ಜನರಿಗೆ ಆ ಬಲವು ಒದಗಿಬಂದಿತು. ಒಂದು ವಸ್ತುವನ್ನು ಪ್ರಾಮಾಣಿಕವಾಗಿ ಕಟ್ಟುವವನು ಅದರ ಫಲವನ್ನೆಲ್ಲ ತಾನು ಕಾಣಲಾರನು. ಆದರೆ ಅವನು ಕಟ್ಟುವಾಗ ವಹಿಸಿದ ಎಚ್ಚರಿಕೆಯು ಎಂದೋ ಒಂದು ದಿನ ಯಾರೋ ಒಬ್ಬರ ಪ್ರಾಣಕ್ಕೆ ಆಸರೆಯಾಗುತ್ತದೆ.